ಬಿಡಿಸದೆ ಬಿಟ್ಟ ಚಿತ್ರ

1915ರ ಅಕ್ಟೋಬರ್ ತಿಂಗಳಲ್ಲಿ ಫ್ರಾಂಜ್ ಕಾಫ್ಕಾ ತನ್ನ ಪ್ರಕಾಶಕರಿಗೆ ಒಂದು ಕಾಗದ ಬರೆದ. ಪ್ರಾಗ್ ನಗರದ ವಿಮಾ ಕಚೇರಿಯಲ್ಲಿ ಹಗಲು ನೌಕರಿ, ರಾತ್ರಿ ಬರವಣಿಗೆ. ಹಾಗೆ ಬದುಕುತ್ತಿದ್ದವನು ಅವನು. ಅವನ ‘ರೂಪಾಂತರ’ ಎಂಬ ನೀಳ್ಗತೆ ಪುಸ್ತಕವಾಗಿ ಬರುವುದರಲ್ಲಿತ್ತು. ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಗ್ರೆಗರ್ ಸಾಮ್ಸಾ ಎಂಬ ಯುವಕ, ಬಟ್ಟೆಯ ಮಾದರಿಗಳನ್ನು ಹೊತ್ತು ಊರೂರು ತಿರುಗುವ ಮಾರಾಟಗಾರ. ಒಂದು ಬೆಳಗ್ಗೆ ಏಳುವಷ್ಟರಲ್ಲಿ ದೊಡ್ಡದೊಂದು ಹುಳವಾಗಿಬಿಟ್ಟಿರುತ್ತಾನೆ. ಪುಸ್ತಕದ ರಕ್ಷಾಪುಟಕ್ಕೆ ಕಲಾವಿದರೊಬ್ಬರು ಚಿತ್ರ ಬರೆಯುತ್ತಾರೆ ಎಂಬ ಸುದ್ದಿ ಕಾಫ್ಕಾನ ಕಿವಿಗೆ ಬಿತ್ತು. ಅವನಿಗೆ ಗಾಬರಿಯಾಯಿತು. ಹುಳದ ಚಿತ್ರವನ್ನು ಮಾತ್ರ ಬಿಡಿಸಬಾರದು ಎಂದು ಅವನು ಕಾಗದದಲ್ಲಿ ಬೇಡಿಕೊಂಡ. ದೂರದಿಂದ ಕಂಡ ಹಾಗೆ ಕೂಡ ಬೇಡ ಎಂದ. ಬೇಕಾದರೆ ಮುಚ್ಚಿದ ಬಾಗಿಲ ಮುಂದೆ ನಿಂತ ತಂದೆತಾಯಿಯನ್ನು ಬಿಡಿಸಲಿ. ಅಥವಾ ದೀಪ ಬೆಳಗಿದ ಕೋಣೆಯಲ್ಲಿ ಮನೆಯವರು ಕುಳಿತಿರಲಿ, ಪಕ್ಕದ ಕತ್ತಲ ಕೋಣೆಗೆ ಬಾಗಿಲು ತೆರೆದಿರಲಿ. ಇಷ್ಟು ಸಲಹೆ ಕೊಟ್ಟ. ಕೊನೆಗೆ ಅವನ ಬೇಡಿಕೆಯಂತೆಯೇ ಹುಳವಿಲ್ಲದ ರಕ್ಷಾಪುಟ ಬಂತು. ಯುವಕನೊಬ್ಬ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಾಗಿಲಿಂದ ದೂರ ಹೋಗುತ್ತಿದ್ದಾನೆ. ಹಿಂದೆ ಬಾಗಿಲು ತುಸು ತೆರೆದಿದೆ. ಒಳಗೆ ಕಪ್ಪು. ಹುಳ ಎಲ್ಲೂ ಇಲ್ಲ.

ಇಂದಿನ ನನ್ನ ವಿಷಯ ಈ ಕಾಗದದಿಂದಲೇ ಹೊರಡುತ್ತದೆ. ಓದಬೇಕಾದ ಕಥೆ, ಕಾದಂಬರಿ, ಚಿತ್ರಕಾದಂಬರಿಗಳ ಬಗ್ಗೆ ಮಾತಾಡಬೇಕು. ಗ್ರಾಫಿಕ್ ನಾವೆಲ್ ಎನ್ನುವುದನ್ನೇ ನಾನು ಚಿತ್ರಕಾದಂಬರಿ ಎನ್ನುತ್ತಿದ್ದೇನೆ. ಒಳ್ಳೆಯದನ್ನು ಗುರುತಿಸುವುದು ಹೇಗೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ನನ್ನ ಉತ್ತರ ಒಂದೇ. ಬರೆಯುವವರು ಏನನ್ನು ಬರೆಯದೆ ಬಿಟ್ಟಿದ್ದಾರೆ, ಬಿಡಿಸುವವರು ಏನನ್ನು ಬಿಡಿಸದೆ ಬಿಟ್ಟಿದ್ದಾರೆ, ಅದನ್ನು ನೋಡಿ. ಗದ್ಯದ ವಿಷಯದಲ್ಲಿ ಈ ಮಾತು ನಮಗೆ ಹೊಸದಲ್ಲ. ಯು. ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ 1965ರಲ್ಲಿ ಬಂತು. ಅದರ ಕೊನೆಯಲ್ಲಿ ಪ್ರಾಣೇಶಾಚಾರ್ಯರು ಅಗ್ರಹಾರದ ದಾರಿ ಹಿಡಿದಿದ್ದಾರೆ. ಅಲ್ಲಿ ಹೋಗಿ ನಿಜವನ್ನು ಹೇಳಿದರೆ? ಹೇಳಲಿಲ್ಲವೆ? ಕಾದಂಬರಿ ತಿಳಿಸುವುದಿಲ್ಲ. ಗಾಡಿಯಲ್ಲೇ ನಮ್ಮನ್ನು ಕೂರಿಸಿ ನಿಲ್ಲುತ್ತದೆ. ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ 2013ರಲ್ಲಿ ಪುಸ್ತಕವಾಗಿ ಬಂದ ನೀಳ್ಗತೆ. ದಿಢೀರನೆ ದುಡ್ಡು ಕಂಡ ಬೆಂಗಳೂರಿನ ಒಂದು ಮನೆ. ಆ ಮನೆಗೆ ಬಂದ ಸೊಸೆ ಅನಿತಾ. ಅವಳು ತಪ್ಪನ್ನು ತಪ್ಪು ಎಂದು ಬಾಯಿಬಿಟ್ಟು ಹೇಳುವವಳು. ಕೊನೆಯಲ್ಲಿ ಅವಳು ಊರಿಗೆ ಹೋದವಳು ಇನ್ನೂ ಬಂದಿಲ್ಲ. ಅವಳಿಗೆ ಏನಾಯಿತು ಎಂದು ಕಥೆ ಒಂದು ಮಾತೂ ಆಡುವುದಿಲ್ಲ. ಅದಕ್ಕೂ ಮೊದಲು ಊಟದ ಹೊತ್ತಿನ ಹರಟೆ, ಇರುವೆ ಕೊಲ್ಲುವ ಕೈಗಳು, ಚಿಕ್ಕಪ್ಪನ ದುಡ್ಡಿಗೆ ಬಾಗಿದ ಕುತ್ತಿಗೆಗಳು, ಎಲ್ಲವನ್ನೂ ಹೇಳಿರುತ್ತದೆ. ಹಾಗಾಗಿ ಹೇಳದೆ ಉಳಿದದ್ದನ್ನು ಓದುಗನೇ ತನ್ನ ತಲೆಯಲ್ಲಿ ಬರೆದುಕೊಳ್ಳುತ್ತಾನೆ. ಬರೆದುಕೊಂಡು ಬೆಚ್ಚಿಬೀಳುತ್ತಾನೆ. ಕೊಲೆಯೊಂದನ್ನು ಅವನೇ ಊಹಿಸಿದ್ದು ತಾನೆ? ಈ ನೀಳ್ಗತೆ ಸುಮಾರು ನೂರು ಪುಟದ್ದು. ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಇನ್ನೂ ಓದಿಲ್ಲವಾದರೆ ಇದನ್ನೇ ಮೊದಲು ಓದಿ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಒಳ್ಳೆಯ ಗದ್ಯ ತುಂಬ ಮುಖ್ಯವಾದದ್ದನ್ನೇ ಹೇಳದೆ ಬಿಡಬಲ್ಲದು. ಈಗ ಚಿತ್ರಕ್ಕೆ ಬರೋಣ. ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಚಿತ್ರ ಎಂದರೇ ತೋರಿಸುವುದು. ಗದ್ಯದಲ್ಲಿ ‘ಒಬ್ಬ ಮುದುಕ’ ಎಂದರೆ ಪ್ರತಿಯೊಬ್ಬರಿಗೂ ಅವರವರ ಮುದುಕ ಕಾಣುತ್ತಾನೆ. ಚಿತ್ರದಲ್ಲಿ ಎಲ್ಲರಿಗೂ ಕಾಣುವವನು ಒಬ್ಬನೇ ಮುದುಕ. ಹಾಗಿದ್ದರೆ ಚಿತ್ರಕಾದಂಬರಿ ಓದುಗನ ಕಲ್ಪನೆಗೆ ಬೀಗ ಹಾಕುವುದಿಲ್ಲವೆ? ಕಾಫ್ಕಾನ ಭಯವೂ ಇದೇ ಅಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಚಿತ್ರ ಮತ್ತು ಮಾತು ಎರಡೂ ಒಂದನ್ನೇ ಹೇಳುವ ಪುಸ್ತಕಗಳ ಮಟ್ಟಿಗೆ ಅದು ಪೂರ್ತಿ ನಿಜ. ರಾಜ ಕತ್ತಿ ಎತ್ತಿದ್ದಾನೆ, ಮೇಲೆ ‘ರಾಜ ಕತ್ತಿ ಎತ್ತಿದನು’ ಎಂಬ ಸಾಲು. ಇಂಥಲ್ಲಿ ಓದುಗನಿಗೆ ಕೆಲಸವೇ ಉಳಿಯುವುದಿಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಕಟ್ಟಿದ ಅಮರ ಚಿತ್ರಕಥೆ ಮಾಲೆಯಲ್ಲಿ ಅಂಥ ಪುಟಗಳು ಬೇಕಾದಷ್ಟಿವೆ. ಅದರ ಉದ್ದೇಶ ಬೇರೆ. ಮಕ್ಕಳಿಗೆ ಪುರಾಣ, ಇತಿಹಾಸ ಪರಿಚಯಿಸುವುದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಆದರೆ ಚಿತ್ರಕಥೆ ಎಂದರೆ ಇಷ್ಟೇ ಎಂಬ ಅಭ್ಯಾಸ ನಮಗೆ ಅಲ್ಲಿಂದ ಹತ್ತಿಕೊಂಡಿತು.

ಆಕ್ಷೇಪಕ್ಕೆ ಉತ್ತರ ಚಿತ್ರದ ಒಳಗಿಲ್ಲ. ಚಿತ್ರ ಮತ್ತು ಚಿತ್ರದ ನಡುವಿನ ಜಾಗದಲ್ಲಿದೆ. ಕಣ್ಣ ಮುಂದೆ ಪುಸ್ತಕದ ಒಂದು ಪುಟವನ್ನು ತಂದುಕೊಳ್ಳಿ. ಅದರಲ್ಲಿ ಆರೋ ಎಂಟೋ ಚೌಕಗಳು. ಚೌಕ ಚೌಕದ ನಡುವೆ ಬೆರಳಗಲದ ಬಿಳಿ ಪಟ್ಟಿ. ಸ್ಕಾಟ್ ಮೆಕ್ಲೌಡ್ ಎಂಬ ಅಮೆರಿಕದ ಕಲಾವಿದರು 1993ರಲ್ಲಿ ಈ ಬಿಳಿ ಪಟ್ಟಿಯ ಬಗ್ಗೆಯೇ ವಿಸ್ತಾರವಾಗಿ ಬರೆದರು. ಅವರು ಕೊಡುವ ಉದಾಹರಣೆ ತುಂಬ ಸರಳ. ಮೊದಲ ಚೌಕದಲ್ಲಿ ಒಬ್ಬ ಕೊಡಲಿ ಎತ್ತಿ ಇನ್ನೊಬ್ಬನ ಬೆನ್ನಟ್ಟಿದ್ದಾನೆ. ಎರಡನೆಯ ಚೌಕದಲ್ಲಿ ರಾತ್ರಿಯ ನಗರ, ಮೇಲೆ ಒಂದು ಚೀರಾಟ. ಏಟು ಬಿದ್ದದ್ದನ್ನು ಯಾರೂ ಬಿಡಿಸಿಲ್ಲ. ಆದರೂ ಏಟು ಬಿತ್ತು. ಬಿದ್ದದ್ದು ಎಲ್ಲಿ? ಆ ಬಿಳಿ ಪಟ್ಟಿಯಲ್ಲಿ. ಕೊಡಲಿಯನ್ನು ಇಳಿಸಿದ್ದು ಓದುಗ. ನಮ್ಮ ನಾಡಿನ ಕಲ್ಲಿನಲ್ಲೂ ಇದನ್ನು ಕಾಣಬಹುದು. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಅದರ ಮಂಟಪದ ಗೋಡೆಯ ಮೇಲೆ ಸುಮಾರು 140 ಸಣ್ಣ ಚೌಕಗಳಲ್ಲಿ ರಾಮಾಯಣ, ಕೃಷ್ಣನ ಕಥೆ, ಮಹಾಭಾರತ ಕೊರೆದಿದ್ದಾರೆ. ನೋಡುವವನು ನಡೆಯುತ್ತ ಓದಬೇಕು. ಒಂದು ಚೌಕದಿಂದ ಇನ್ನೊಂದಕ್ಕೆ ಹೆಜ್ಜೆ ಇಡುವಾಗ ನಡುವೆ ಬಿಟ್ಟುಹೋದ ಕಥೆಯನ್ನು ಅವನೇ ತುಂಬಿಕೊಳ್ಳಬೇಕು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಬೀಗಲು ಇದನ್ನು ಹೇಳುತ್ತಿಲ್ಲ. ಆ ಓದು ನಮ್ಮ ಕಣ್ಣಿಗೆ ಅಪರಿಚಿತವಲ್ಲ ಎಂದಷ್ಟೇ ನನ್ನ ಮಾತು.

ಈಗ ಸಿದ್ಧಾಂತ ಸಾಕು. ಚೌಕಗಳ ನಡುವಿನ ಖಾಲಿ ಜಾಗವನ್ನು ಓದುಗ ತುಂಬುತ್ತಾನೆ, ಅಷ್ಟು ನೆನಪಿರಲಿ. ಚೌಕದ ಒಳಗೂ ಖಾಲಿ ಬಿಡಬಹುದೆ? ಬಿಡಬಹುದು. ಮಾರ್ಜಾನ್ ಸತ್ರಾಪಿ ಅವರ ‘ಪರ್ಸೆಪೊಲಿಸ್’ ಅದಕ್ಕೆ ಸಾಕ್ಷಿ. ಸತ್ರಾಪಿ ಇರಾನಿನವರು, 1969ರಲ್ಲಿ ಹುಟ್ಟಿದವರು. ಫ್ರಾನ್ಸಿನಲ್ಲಿ ನೆಲೆಸಿದ ಮೇಲೆ 2000 ಮತ್ತು 2003ರ ನಡುವೆ ನಾಲ್ಕು ಸಂಪುಟಗಳಲ್ಲಿ ಈ ಕೃತಿ ಫ್ರೆಂಚ್ ಭಾಷೆಯಲ್ಲಿ ಬಂತು. ಬಣ್ಣವಿಲ್ಲ. ಬೂದು ಛಾಯೆಯೂ ಇಲ್ಲ. ಕಪ್ಪು ಮತ್ತು ಬಿಳುಪು ಮಾತ್ರ. ಮೊದಲ ಪುಟದ ಮೊದಲ ಚೌಕದಲ್ಲಿ ಹತ್ತು ವರ್ಷದ ಹುಡುಗಿ, ತಲೆಗೆ ಮುಸುಕು, ಮುಖದಲ್ಲಿ ನಗುವಿಲ್ಲ. ವರ್ಷ 1980, ಇರಾನಿನ ಕ್ರಾಂತಿಯ ಮರುವರ್ಷ. ಎರಡನೆಯ ಚೌಕ ಶಾಲೆಯ ಗುಂಪು ಫೋಟೊ. ನಾಲ್ಕು ಹುಡುಗಿಯರು ಸಾಲಾಗಿ ಕುಳಿತಿದ್ದಾರೆ, ನಾಲ್ವರಿಗೂ ಅದೇ ಕಪ್ಪು ಮುಸುಕು. ನಮ್ಮ ಕಥಾನಾಯಕಿ ಎಲ್ಲಿ? ಎಡಗಡೆಯ ಅಂಚಿನಲ್ಲಿ. ಚೌಕದ ಗೆರೆ ಅವಳನ್ನು ಕತ್ತರಿಸಿಹಾಕಿದೆ. ಮೈಯ ಒಂದು ಎಳೆ ಮಾತ್ರ ಕಾಣುತ್ತದೆ. ತನ್ನ ಕಥೆ ಹೇಳಲು ಹೊರಟವಳು ಎರಡನೆಯ ಚಿತ್ರದಲ್ಲೇ ತನ್ನನ್ನು ಹೊರಗಿಟ್ಟಿದ್ದಾಳೆ. ಒಂದು ಆಡಳಿತ ಒಬ್ಬ ಹುಡುಗಿಯನ್ನು ಅಳಿಸುವುದು ಹೇಗೆ ಎಂದು ಅರ್ಥ ಮಾಡಿಸಲು ಗದ್ಯಕ್ಕೆ ಎಷ್ಟು ಪುಟ ಬೇಕಾಗುತ್ತಿತ್ತೋ! ಮುಂದೆ ಇರಾಕ್ ಜೊತೆ ಯುದ್ಧ. ಟೆಹರಾನ್ ಮೇಲೆ ಕ್ಷಿಪಣಿಗಳು ಬೀಳುತ್ತವೆ. ಪಕ್ಕದ ಮನೆ ನೆಲಸಮವಾಗಿದೆ. ಆ ಮನೆಯ ಹುಡುಗಿ ಇವಳ ಗೆಳತಿ. ಅವಶೇಷದ ನಡುವೆ ನೀಲಿ ಕಲ್ಲಿನ ಕೈಬಳೆ ಕಾಣುತ್ತದೆ. ಬಳೆಯ ಜೊತೆಗೆ ಇನ್ನೇನೋ ಇದೆ. ಹುಡುಗಿ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾಳೆ. ಮುಂದಿನ ಚೌಕ ಪೂರ್ತಿ ಕಪ್ಪು. ಒಂದು ಗೆರೆಯೂ ಇಲ್ಲ, ಬರೀ ಮಸಿ. ಕೇಳುಗರೇ, ಆ ಮಸಿಯ ಚೌಕದ ಮುಂದೆ ಪುಟ ತಿರುವುವ ಕೈ ತಾನಾಗಿ ನಿಲ್ಲುತ್ತದೆ. ಕಾಫ್ಕಾ ಕೇಳಿಕೊಂಡಿದ್ದ ಕತ್ತಲು ಅದು.

ಆದರೆ ನನ್ನ ವಾದಕ್ಕೇ ಎದುರು ನಿಲ್ಲುವ ಒಂದು ಕೃತಿಯಿದೆ. ಅದನ್ನು ಮುಚ್ಚಿಟ್ಟು ಮುಂದೆ ಹೋದರೆ ಪ್ರಾಮಾಣಿಕವಾಗುವುದಿಲ್ಲ. ಜಪಾನಿನ ಕೇಯ್ಜಿ ನಕಾಜಾವಾ ಅವರ ‘ಬೇರ್‌ಫುಟ್ ಗೆನ್’, ಅಂದರೆ ಬರಿಗಾಲಿನ ಗೆನ್. 1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಅಣುಬಾಂಬು ಬಿದ್ದಾಗ ನಕಾಜಾವಾಗೆ ಆರು ವರ್ಷ. ಶಾಲೆಯ ಗೋಡೆಯೊಂದು ಅಡ್ಡ ಬಂದು ಜೀವ ಉಳಿಯಿತು. ತಂದೆ, ಅಕ್ಕ, ತಮ್ಮ ಅದೇ ದಿನ ಸತ್ತರು. 1973ರಲ್ಲಿ ಅವರು ಹುಡುಗರ ವಾರಪತ್ರಿಕೆಯೊಂದರಲ್ಲಿ ಈ ಕಥೆಯನ್ನು ಧಾರಾವಾಹಿಯಾಗಿ ಶುರುಮಾಡಿದರು. ಅದು ಬೆಳೆದು ಹತ್ತು ಸಂಪುಟಗಳಾಯಿತು. ನಕಾಜಾವಾ ಏನನ್ನೂ ಬಿಡುವುದಿಲ್ಲ. ಚರ್ಮ ಕಳಚಿ ಕೈಯಿಂದ ಜೋತುಬಿದ್ದ ಜನ ನಡೆಯುತ್ತಾರೆ. ಬೆಂಕಿ ಹತ್ತಿದ ಕುದುರೆ ಓಡುತ್ತದೆ. ಕುಸಿದ ಮನೆಯ ಕೆಳಗೆ ಸಿಕ್ಕಿಕೊಂಡವರ ಕಡೆಗೆ ಬೆಂಕಿ ಬರುತ್ತದೆ. ಎಲ್ಲವೂ ಕಣ್ಣ ಮುಂದೆಯೇ. ಹಾಗಾದರೆ ಇದು ಕಡಿಮೆ ದರ್ಜೆಯ ಕೃತಿಯೆ? ಖಂಡಿತ ಅಲ್ಲ. ಇಲ್ಲಿ ಕಾರಣವನ್ನು ಕೇಳಬೇಕು. ಯುದ್ಧ ಮುಗಿದ ಮೇಲೆ 1952ರವರೆಗೆ ಜಪಾನ್ ಅಮೆರಿಕದ ಮುಂದಾಳತ್ವದ ಪಡೆಗಳ ಆಡಳಿತದಲ್ಲಿತ್ತು. ಆ ಅವಧಿಯ ಹೆಚ್ಚಿನ ಕಾಲ ಬಾಂಬಿನ ಗಾಯಗಳ ಫೋಟೊಗಳಿಗೆ, ಬರಹಗಳಿಗೆ ಸೆನ್ಸಾರ್ ಕತ್ತರಿಯಿತ್ತು. ಬೇರೆಯವರು ಬಲವಂತದಿಂದ ಅಳಿಸಿದ್ದನ್ನು ನಕಾಜಾವಾ ಮತ್ತೆ ಬಿಡಿಸಿದರು. ಹೇಳಬಾರದು ಎಂದು ಬಾಯಿ ಕಟ್ಟಿದವರ ಮೌನ ಬೇರೆ. ಓದುಗ ಹೇಳಿಕೊಳ್ಳಲಿ ಎಂದು ಕಲಾವಿದ ಇಟ್ಟ ಮೌನ ಬೇರೆ. ಮೊದಲನೆಯದನ್ನು ಒಡೆಯುವುದಕ್ಕೆ ಎಲ್ಲವನ್ನೂ ತೋರಿಸಲೇಬೇಕಾಗುತ್ತದೆ. ಹಾಗಾಗಿ ನನ್ನ ಅಳತೆಗೋಲನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಬಿಟ್ಟದ್ದು ಮಾತ್ರ ದೊಡ್ಡದಲ್ಲ. ಎಲ್ಲಿ ಬಿಡಿಸಬೇಕು, ಎಲ್ಲಿ ಬಿಡಬೇಕು ಎಂಬ ಅರಿವು ದೊಡ್ಡದು.

ತಿದ್ದಿದ ಈ ಅಳತೆಗೋಲು ಹಿಡಿದು ನಮ್ಮ ದೇಶದ ಒಂದು ಪುಸ್ತಕವನ್ನು ನೋಡೋಣ. ‘ಭೀಮಾಯಣ’ 2011ರಲ್ಲಿ ದೆಹಲಿಯ ನವಯಾನ ಪ್ರಕಾಶನದಿಂದ ಇಂಗ್ಲಿಷಿನಲ್ಲಿ ಬಂತು. ಅಂಬೇಡ್ಕರ್ ಅವರು ಅನುಭವಿಸಿದ ಅಸ್ಪೃಶ್ಯತೆಯ ಪ್ರಸಂಗಗಳೇ ಅದರ ವಸ್ತು. ಮಾತು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಚಿತ್ರ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು. ಈ ದಂಪತಿ ಮಧ್ಯಪ್ರದೇಶದ ಪರಧಾನ್ ಗೊಂಡರು. ಗೊಂಡರಿಗೆ ಕಥೆ ಹಾಡಿ ಹೇಳುತ್ತ ಬಂದ ಸಮುದಾಯ ಅದು. ಇವರು ಬಿಟ್ಟದ್ದು ಏನು ಗೊತ್ತೆ? ಚೌಕವನ್ನೇ. ಪಾತ್ರಗಳನ್ನು ಪೆಟ್ಟಿಗೆಯೊಳಗೆ ಕೂಡಿಹಾಕುವುದಿಲ್ಲ, ಅವಕ್ಕೆ ಉಸಿರು ಕಟ್ಟುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಅವರ ಪುಟದಲ್ಲಿ ನೇರ ಗೆರೆಯ ಗಡಿಯಿಲ್ಲ. ಮನೆಯ ಗೋಡೆ, ಅಂಗಳಗಳ ಮೇಲೆ ಬರೆಯುವ ದಿಗ್ನಾ ಎಂಬ ಬಳುಕುವ ವಿನ್ಯಾಸವೇ ಪುಟವನ್ನು ಸಡಿಲವಾಗಿ ಭಾಗ ಮಾಡುತ್ತದೆ. ರೈಲು ಹಾವಾಗಿ ಹರಿಯುತ್ತದೆ. ಮೃದು ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿ ಬರುತ್ತದೆ. ಜಾತಿಯ ವಿಷ ಕಾರುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ ಇರುತ್ತದೆ. 1901ರ ಒಂದು ಪ್ರಸಂಗ. ಹತ್ತು ವರ್ಷದ ಭೀಮ ಮನೆಯ ಬೇರೆ ಮಕ್ಕಳ ಜೊತೆ ಸಾತಾರಾದಿಂದ ತಂದೆಯನ್ನು ನೋಡಲು ಹೊರಟಿದ್ದಾನೆ. ಮಸೂರ್ ನಿಲ್ದಾಣದಲ್ಲಿ ಇಳಿದರೆ ಗಾಡಿಯವರು ಯಾರೂ ಹತ್ತಿಸಿಕೊಳ್ಳುವುದಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ಕೊಟ್ಟು ಗಾಡಿಯನ್ನು ಮಕ್ಕಳೇ ಹೊಡೆಯಬೇಕಾಯಿತು. ದಾರಿಯಲ್ಲಿ ಕುಡಿಯಲು ನೀರಿಲ್ಲ. ಬುತ್ತಿ ಇದ್ದೂ ಹಸಿದು ಮಲಗಿದರು. ಒಬ್ಬರನ್ನು ಹೊರಗಿಡುವ ಗೆರೆಗಳ ಬಗ್ಗೆ ಇರುವ ಪುಸ್ತಕ ಇದು. ಅದನ್ನು ಗಡಿಗೆರೆಗಳಿಲ್ಲದೆ ಬಿಡಿಸಿದ್ದಾರೆ. ಈ ತೀರ್ಮಾನವೇ ಒಂದು ಪ್ರತಿಭಟನೆ ಎಂದು ನಾನು ಓದುತ್ತೇನೆ.

ಇನ್ನೊಂದು ಆಕ್ಷೇಪವಿದೆ. ಕಾರಂತ, ಕುವೆಂಪು, ದೇವನೂರರನ್ನೇ ಪೂರ್ತಿ ಓದಿಲ್ಲ, ಇದೆಲ್ಲ ಯಾಕೆ ಎಂದು ಕೆಲವರು ಕೇಳಬಹುದು. ಮೇಲಾಗಿ ಈ ಪುಸ್ತಕಗಳ ಬೆಲೆ ಹೆಚ್ಚು. ಬೆಲೆಯ ಮಾತು ನಿಜ. ಆದ್ದರಿಂದ ಗ್ರಂಥಾಲಯಗಳು ಇವನ್ನು ಕೊಳ್ಳಬೇಕು. ಮಕ್ಕಳ ಕಪಾಟಿನಲ್ಲಿ ಅಲ್ಲ, ಕಾದಂಬರಿಗಳ ಕಪಾಟಿನಲ್ಲಿ ಇಡಬೇಕು. ಮೊದಲ ಮಾತಿಗೆ ನನ್ನ ಉತ್ತರ ಬೇರೆ. ಇವು ಒಂದರ ಜಾಗವನ್ನು ಇನ್ನೊಂದು ಕಸಿಯುವುದಿಲ್ಲ. ‘ಪರ್ಸೆಪೊಲಿಸ್’ನ ಕಪ್ಪು ಚೌಕದ ಮುಂದೆ ನಿಂತು ಬಂದವರು ‘ಘಾಚರ್ ಘೋಚರ್’ನ ಕೊನೆಯ ಪುಟವನ್ನು ಇನ್ನೂ ನಿಧಾನವಾಗಿ ಓದುತ್ತಾರೆ. ಎರಡೂ ಕೇಳುವುದು ಒಂದೇ ತಾಳ್ಮೆಯನ್ನು.

ಕಪ್ಪು ಚೌಕ ನೋಡಿದೆವು, ಎಲ್ಲವನ್ನೂ ತೋರಿಸುವ ಚೌಕ ನೋಡಿದೆವು, ಚೌಕವೇ ಇಲ್ಲದ ಪುಟ ನೋಡಿದೆವು. ಉಳಿದ ಸಮಯ ಒಂದೇ ಪುಸ್ತಕಕ್ಕೆ. ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’. ಹಾಗೆಂದರೆ ಜರ್ಮನ್ ಭಾಷೆಯಲ್ಲಿ ಇಲಿ. ಮೊದಲ ಭಾಗ 1986ರಲ್ಲಿ, ಎರಡನೆಯದು 1991ರಲ್ಲಿ. ಎರಡೂ ಸೇರಿ ಸುಮಾರು 300 ಪುಟ. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಸ್ಪೀಗಲ್‌ಮನ್ ಅವರ ತಂದೆ ವ್ಲಾದೆಕ್, ತಾಯಿ ಆನ್ಯಾ, ಇಬ್ಬರೂ ಪೋಲೆಂಡಿನ ಯಹೂದಿಗಳು. ಔಶ್ವಿಟ್ಜ್ ಎಂಬ ನಾಜಿ ಸಾವಿನ ಶಿಬಿರದಿಂದ ಬದುಕಿ ಬಂದವರು. ಅವರ ಮೊದಲ ಮಗ ರಿಶ್ಯೂ ಯುದ್ಧದಲ್ಲಿ ಉಳಿಯಲಿಲ್ಲ. ಆರ್ಟ್ ಯುದ್ಧದ ನಂತರ ಹುಟ್ಟಿದ ಮಗ. ನ್ಯೂಯಾರ್ಕಿನಲ್ಲಿ ಮುದಿ ತಂದೆಯ ಎದುರು ಕುಳಿತು ಕಥೆ ಕೇಳುತ್ತಾನೆ. ತಂದೆ ಮಾತ್ರೆ ಎಣಿಸುತ್ತ, ಒಂದೊಂದು ಕಾಸಿಗೂ ಜಗಳವಾಡುತ್ತ ಹೇಳುತ್ತಾನೆ. ಪುಸ್ತಕದಲ್ಲಿ ಯಹೂದಿಗಳಿಗೆ ಇಲಿಯ ಮುಖ, ಜರ್ಮನರಿಗೆ ಬೆಕ್ಕಿನ ಮುಖ, ಪೋಲೆಂಡಿನವರಿಗೆ ಹಂದಿಯ ಮುಖ. ಇಷ್ಟು ದೊಡ್ಡ ನೋವನ್ನು ಪ್ರಾಣಿಗಳ ಕಥೆ ಮಾಡಿದರೆ ಹಗುರವಾಗುವುದಿಲ್ಲವೆ ಎಂದು ಕೇಳಿದವರಿದ್ದಾರೆ. ಪೋಲೆಂಡಿನಲ್ಲಿ ಆ ಹಂದಿ ಮುಖ ಕಂಡು ಕೆಲವರಿಗೆ ಕೋಪವೂ ಬಂತು. ಆ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಪುಸ್ತಕ ತನ್ನ ರೂಪಕವನ್ನು ತಾನೇ ಅನುಮಾನಿಸುತ್ತದೆ. ವ್ಲಾದೆಕ್ ಮತ್ತು ಆನ್ಯಾ ಪೋಲಿಷರಂತೆ ನಟಿಸುವಾಗ ಹಂದಿಯ ಮುಖವಾಡ ಕಟ್ಟಿಕೊಳ್ಳುತ್ತಾರೆ. ಮುಖವಾಡದ ದಾರ ಕಾಣುತ್ತದೆ. ಆನ್ಯಾಳ ಕೋಟಿನ ಕೆಳಗೆ ಇಲಿಯ ಬಾಲ ಇಳಿಬಿದ್ದಿರುತ್ತದೆ. ಎರಡನೆಯ ಭಾಗದಲ್ಲಿ ಲೇಖಕನೇ ಇಲಿಯ ಮುಖವಾಡ ಕಟ್ಟಿಕೊಂಡು ಬರೆಯುವ ಮೇಜಿನ ಮುಂದೆ ಕುಳಿತಿದ್ದಾನೆ, ಮೇಜಿನ ಕೆಳಗೆ ಹೆಣಗಳ ರಾಶಿ. ಜಾತಿ, ಜನಾಂಗ ಎಂಬುದು ಯಾರೋ ಕಟ್ಟಿದ ಮುಖವಾಡ ಎಂದು ಇಷ್ಟು ನೇರವಾಗಿ ತೋರಿಸಿದ ಪುಸ್ತಕ ಕಡಿಮೆ. ಸ್ಪೀಗಲ್‌ಮನ್ ಇಲ್ಲಿ ಬಹುಮಟ್ಟಿಗೆ ಬಿಡಿಸದೆ ಬಿಟ್ಟದ್ದು ಮನುಷ್ಯನ ಮುಖವನ್ನು. ಪುಸ್ತಕದ ಕೊನೆಯ ಹೊತ್ತಿಗೆ ಒಮ್ಮೆಲೇ ವ್ಲಾದೆಕ್‌ನ ನಿಜವಾದ ಫೋಟೊ ಎದುರಾಗುತ್ತದೆ. ಶಿಬಿರದ ಪಟ್ಟೆ ಬಟ್ಟೆ ತೊಟ್ಟ, ಸುಂದರ ಯುವಕ. ಅಷ್ಟು ಪುಟ ತಡೆಹಿಡಿದಿದ್ದ ಮುಖ. ಆ ಕ್ಷಣಕ್ಕಾಗಿಯೇ ತಡೆದಿದ್ದರೋ ಎನಿಸುತ್ತದೆ.

ಇನ್ನೊಂದು ಪುಟ. ಔಶ್ವಿಟ್ಜ್ ಬಾಗಿಲಲ್ಲಿ ಕೈದಿಗಳ ವಾದ್ಯಮೇಳ ಇತ್ತು ಎಂದು ಮಗ ಓದಿ ತಿಳಿದಿದ್ದಾನೆ. ತಂದೆಯನ್ನು ಕೇಳುತ್ತಾನೆ. ತಂದೆಗೆ ಅಂಥ ನೆನಪಿಲ್ಲ. ತನಗೆ ಕಂಡದ್ದು ಕೆಲಸಕ್ಕೆ ನಡೆದು ಹೋಗುವ ಸಾಲು ಮಾತ್ರ ಎನ್ನುತ್ತಾನೆ. ಇತಿಹಾಸ ಒಂದು ಹೇಳುತ್ತದೆ, ನೆನಪು ಇನ್ನೊಂದು ಹೇಳುತ್ತದೆ. ಲೇಖಕ ಏನು ಮಾಡಬೇಕು? ಸ್ಪೀಗಲ್‌ಮನ್ ಮೊದಲು ವಾದ್ಯಮೇಳವನ್ನು ಬಿಡಿಸುತ್ತಾರೆ. ತಂದೆ ಅಲ್ಲಗಳೆದ ನಂತರದ ಚೌಕದಲ್ಲಿ ನಡೆಯುವ ಕೈದಿಗಳ ಸಾಲು ಅದನ್ನು ಮರೆಮಾಡುತ್ತದೆ. ವಾದ್ಯಗಳ ತುದಿಗಳು ಮಾತ್ರ ತಲೆಗಳ ಮೇಲೆ ಇಣುಕುತ್ತವೆ. ಇಬ್ಬರನ್ನೂ ಸುಳ್ಳುಗಾರರನ್ನಾಗಿ ಮಾಡದೆ ಇಬ್ಬರ ಸತ್ಯವನ್ನೂ ಒಂದೇ ಚಿತ್ರದಲ್ಲಿ ಇಟ್ಟರು. ಗದ್ಯದಲ್ಲಿ ಇದನ್ನು ಹೀಗೆ ಮಾಡುವುದು ನನಗೆ ತಿಳಿದ ಮಟ್ಟಿಗೆ ಸಾಧ್ಯವಿಲ್ಲ. 2022ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಒಂದು ಶಾಲಾ ಮಂಡಳಿ ಈ ಪುಸ್ತಕವನ್ನು ಎಂಟನೇ ತರಗತಿಯ ಪಾಠದಿಂದ ತೆಗೆಯಿತು. ಕೆಲವು ಬೈಗುಳ, ಸತ್ತ ತಾಯಿಯ ಒಂದು ಸಣ್ಣ ನಗ್ನ ಚಿತ್ರ ಕಾರಣ. ಚಿತ್ರ ಪುಸ್ತಕ ಮಕ್ಕಳಾಟ ಎನ್ನುವವರು ಈ ಸುದ್ದಿಯನ್ನು ಗಮನಿಸಬೇಕು.

ಕೊನೆಯ ಪುಟಕ್ಕೆ ಬರೋಣ. ಮುದಿ ವ್ಲಾದೆಕ್ ಹಾಸಿಗೆಯಲ್ಲಿದ್ದಾನೆ. ಮಾತಾಡಿ ಆಯಾಸವಾಗಿದೆ. ಇವತ್ತಿಗೆ ಕಥೆ ಸಾಕು ಎಂದು ಮಗನಿಗೆ ಹೇಳುತ್ತಾನೆ. ಹೇಳುವಾಗ ಮಗನನ್ನು ರಿಶ್ಯೂ ಎಂದು ಕರೆಯುತ್ತಾನೆ. ಅದು ಸತ್ತುಹೋದ ಮೊದಲ ಮಗನ ಹೆಸರು. ಆರ್ಟ್ ಪಕ್ಕದಲ್ಲೇ ನಿಂತಿದ್ದಾನೆ. ಅವನಿಗೆ ಹೇಗನಿಸಿತು? ತಂದೆಯನ್ನು ತಿದ್ದಿದನೆ? ಅದಕ್ಕೆ ಚೌಕವಿಲ್ಲ. ಅದರ ಕೆಳಗೆ ತಂದೆತಾಯಿಯ ಸಮಾಧಿ ಕಲ್ಲು. ಕಲ್ಲಿನ ಕೆಳಗೆ ಲೇಖಕನ ಸಹಿ, ಪುಸ್ತಕಕ್ಕೆ ಕೊಟ್ಟ ವರ್ಷಗಳು: 1978ರಿಂದ 1991.